ಮಕ್ಕಳ ನ್ಯುಮೋನಿಯಾ: ವೈರಾಣುಗಳ ಪಾತ್ರವೇನು?

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದ ಇಬ್ಬರು ಶಿಶುಗಳಲ್ಲಿ ಮಾನವ ಮೆಟಾನ್ಯುಮೋ ವೈರಾಣು (ಎಚ್‌ಎಂಪಿವಿ) ಪತ್ತೆಯಾಗಿದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2025ರ ಜನವರಿ 6ರಂದು ಪ್ರಕಟಿಸಿದಾಗ ರಾಜ್ಯದಲ್ಲಿ ಆತಂಕ ಮೂಡಿತ್ತು. ಕೋವಿಡ್ ಕಾಲದ ನೆನಪು ಇನ್ನೂ ಮಾಸಿರದ ಜನರಿಗೆ ಇದು ಮತ್ತೊಂದು ಮಹಾಮಾರಿಯ ಮುನ್ಸೂಚನೆಯಂತೆ ಕಂಡಿತು. ಆದರೆ ಅದೇ ಪ್ರಕಟಣೆಯಲ್ಲಿದ್ದ ಎರಡು ಅಂಶಗಳು ಹೆಚ್ಚು ಚರ್ಚೆಗೆ ಬರಲಿಲ್ಲ. ಮೊದಲನೆಯದು, ಈ ವೈರಾಣು ಭಾರತವೂ ಸೇರಿದಂತೆ ಜಗತ್ತಿನಾದ್ಯಂತ ಈಗಾಗಲೇ ಚಲಾವಣೆಯಲ್ಲಿದೆ ಎಂಬುದು. ಎರಡನೆಯದು, ಆ ಇಬ್ಬರೂ ಶಿಶುಗಳು ಬ್ರಾಂಕೋನ್ಯುಮೋನಿಯಾದಿಂದ ಬಳಲಿದ್ದರು ಎಂಬುದು.

ಸುದ್ದಿಯ ಬಿಸಿ ಕೆಲವೇ ವಾರಗಳಲ್ಲಿ ಆರಿತು. ಅದು ಎತ್ತಿದ ಪ್ರಶ್ನೆ ಮಾತ್ರ ಪ್ರತಿ ಮಳೆಗಾಲ ಮತ್ತು ಪ್ರತಿ ಚಳಿಗಾಲದಲ್ಲಿ ಮಕ್ಕಳ ವಾರ್ಡುಗಳಲ್ಲಿ ಮರುಕಳಿಸುತ್ತದೆ. ನೆಗಡಿ, ಕೆಮ್ಮಿನಂತಹ ಸಾಮಾನ್ಯ ತೊಂದರೆ ತರುವ ವೈರಾಣುಗಳಿಗೂ ಮಕ್ಕಳ ಪ್ರಾಣಕ್ಕೇ ಎರವಾಗುವ ನ್ಯುಮೋನಿಯಾಕ್ಕೂ ಏನು ಸಂಬಂಧ? ವೈರಾಣುವಿಗೆ ಆಂಟಿಬಯಾಟಿಕ್ ನಾಟುವುದಿಲ್ಲ ಎಂದಾದರೆ ವೈದ್ಯರು ಅದನ್ನು ಏಕೆ ಕೊಡುತ್ತಾರೆ? ಕಳೆದ ಎರಡು ದಶಕಗಳ ಸಂಶೋಧನೆಗಳು ಈ ಪ್ರಶ್ನೆಗಳಿಗೆ ಸಾಕಷ್ಟು ಸ್ಪಷ್ಟ ಉತ್ತರವನ್ನು ನೀಡಿವೆ. ಅವುಗಳ ಸಾರಾಂಶ ಇಲ್ಲಿದೆ.

ನ್ಯುಮೋನಿಯಾ ಎಂದರೇನು?

ನಾವು ಒಳಗೆಳೆದುಕೊಂಡ ಗಾಳಿ ಶ್ವಾಸನಾಳದ ಕವಲುಗಳ ಮೂಲಕ ಸಾಗಿ, ಕೊನೆಗೆ ದ್ರಾಕ್ಷಿ ಗೊಂಚಲಿನಂತಿರುವ ಅತಿ ಸಣ್ಣ ವಾಯುಕೋಶಗಳನ್ನು ತಲುಪುತ್ತದೆ. ಆಮ್ಲಜನಕವು ರಕ್ತಕ್ಕೆ ಸೇರುವುದು ಈ ವಾಯುಕೋಶಗಳಲ್ಲಿಯೇ. ಸೋಂಕಿನಿಂದಾಗಿ ಇವುಗಳಲ್ಲಿ ಕೀವು ಮತ್ತು ದ್ರವ ತುಂಬಿಕೊಂಡು ಉರಿಯೂತ ಉಂಟಾಗುವುದನ್ನೇ ನ್ಯುಮೋನಿಯಾ ಎನ್ನುತ್ತಾರೆ. ಆಮ್ಲಜನಕದ ಕೊರತೆಯನ್ನು ತುಂಬಿಕೊಳ್ಳಲು ಮಗು ಬೇಗ ಬೇಗ ಉಸಿರಾಡತೊಡಗುತ್ತದೆ. ಶ್ವಾಸಕೋಶ ಗಟ್ಟಿಯಾದಂತೆ ಉಸಿರೆಳೆಯುವಾಗ ಪಕ್ಕೆಲುಬುಗಳ ಕೆಳಭಾಗ ಒಳಕ್ಕೆ ಸೆಳೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿರಿಯರು ‘ಮಗುವಿಗೆ ಪಕ್ಕೆ ಹಾರುತ್ತಿದೆ’ ಎನ್ನುವುದು ಇದನ್ನೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಅಂಶದ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ 7,40,180 ಮಕ್ಕಳು ನ್ಯುಮೋನಿಯಾದಿಂದ ಮೃತಪಟ್ಟರು. ಆ ವಯೋಮಾನದ ಒಟ್ಟು ಸಾವುಗಳಲ್ಲಿ ಇದು ಶೇಕಡ 14ರಷ್ಟು. ಬ್ಯಾಕ್ಟೀರಿಯಾ, ವೈರಾಣು ಮತ್ತು ಅಪರೂಪಕ್ಕೆ ಶಿಲೀಂಧ್ರ ಈ ಕಾಯಿಲೆಗೆ ಕಾರಣವಾಗುತ್ತವೆ. ಬ್ಯಾಕ್ಟೀರಿಯಾಗಳ ಪೈಕಿ ನ್ಯುಮೋಕಾಕಸ್ ಹಾಗೂ ಹಿಮೋಫಿಲಸ್ ಇನ್‌ಫ್ಲುಯೆಂಜಾ ‘ಬಿ’ (ಹಿಬ್) ಪ್ರಮುಖವಾದವು. ಎರಡನೆಯದರ ಹೆಸರಿನಲ್ಲಿ ‘ಇನ್‌ಫ್ಲುಯೆಂಜಾ’ ಇದ್ದರೂ ಅದು ಫ್ಲೂ ವೈರಾಣು ಅಲ್ಲ. ಹಿಂದೊಮ್ಮೆ ಫ್ಲೂ ಜ್ವರಕ್ಕೆ ಅದೇ ಕಾರಣವೆಂದು ತಪ್ಪಾಗಿ ಭಾವಿಸಿದ್ದರಿಂದ ಆ ಹೆಸರು ಅಂಟಿಕೊಂಡಿದೆ.

ಪ್ರಮುಖ ವೈರಾಣುಗಳು

ಮಕ್ಕಳ ನ್ಯುಮೋನಿಯಾದಲ್ಲಿ ಮೊದಲು ಉಲ್ಲೇಖಿಸಬೇಕಾದ ಹೆಸರು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್, ಅಂದರೆ ಆರ್‌ಎಸ್‌ವಿ. ಇದು ಮೊದಲು ಕಂಡುಬಂದದ್ದು ಮನುಷ್ಯರಲ್ಲಿ ಅಲ್ಲ. 1956ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನೆಗಡಿಯಿಂದ ಬಳಲುತ್ತಿದ್ದ ಚಿಂಪಾಂಜಿಗಳಲ್ಲಿ ಇದನ್ನು ಗುರುತಿಸಲಾಯಿತು. ಮರುವರ್ಷವೇ ರಾಬರ್ಟ್ ಚಾನಕ್ ಎಂಬ ವಿಜ್ಞಾನಿ ಉಸಿರಾಟದ ತೊಂದರೆಯಿದ್ದ ಶಿಶುಗಳಲ್ಲಿ ಅದೇ ವೈರಾಣುವನ್ನು ಕಂಡುಹಿಡಿದರು. ಸೋಂಕು ತಗುಲಿದ ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಂಡು ದೊಡ್ಡ ಮುದ್ದೆಯಾಗುವುದರಿಂದ ‘ಸಿನ್ಸಿಷಿಯಲ್’ ಎಂಬ ವಿಶೇಷಣ ಬಂದಿದೆ.

ಎರಡು ವರ್ಷ ತುಂಬುವಷ್ಟರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿ ಒಮ್ಮೆಯಾದರೂ ತಗುಲಿರುತ್ತದೆ. ಹೆಚ್ಚಿನವರಿಗೆ ಅದು ಬರಿಯ ನೆಗಡಿ. ಆದರೆ ಆರು ತಿಂಗಳೊಳಗಿನ ಕೂಸುಗಳಲ್ಲಿ, ಅವಧಿಗೆ ಮುನ್ನ ಜನಿಸಿದವರಲ್ಲಿ ಹಾಗೂ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವವರಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇದಕ್ಕೆ ಶರೀರ ರಚನೆಯೇ ಒಂದು ಕಾರಣ. ಶಿಶುವಿನ ಕಿರುಶ್ವಾಸನಾಳಗಳು ಅತಿ ಕಿರಿದು. ಕೊಳವೆಯೊಂದರ ತ್ರಿಜ್ಯ ಅರ್ಧಕ್ಕೆ ಇಳಿದರೆ ಅದರೊಳಗಿನ ಹರಿವಿಗೆ ಎದುರಾಗುವ ತಡೆ ಹದಿನಾರು ಪಟ್ಟು ಏರುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ದೊಡ್ಡವರಲ್ಲಿ ಗಂಟಲು ಕೆರೆತಕ್ಕೆ ಸೀಮಿತವಾಗುವ ಊತ ಮತ್ತು ಲೋಳೆ ಕೂಸಿನಲ್ಲಿ ಉಸಿರನ್ನೇ ಕಟ್ಟಬಲ್ಲುದು.

‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಆರ್‌ಎಸ್‌ವಿಯಿಂದ ಸುಮಾರು 3.3 ಕೋಟಿ ಶ್ವಾಸಕೋಶ ಸೋಂಕಿನ ಪ್ರಕರಣಗಳು ಸಂಭವಿಸಿದವು. 36 ಲಕ್ಷ ಮಕ್ಕಳು ಆಸ್ಪತ್ರೆ ಸೇರಿದರು. ಈ ವೈರಾಣುವಿನಿಂದಾದ ಸಾವುಗಳ ಸಂಖ್ಯೆ 1,01,400. ಇವರಲ್ಲಿ 45,700 ಮಂದಿ ಆರು ತಿಂಗಳೂ ತುಂಬದ ಕೂಸುಗಳು. ಶೇಕಡ 97ರಷ್ಟು ಸಾವುಗಳು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿಯೇ ಸಂಭವಿಸಿದವು.

ಉಳಿದವುಗಳ ಪರಿಚಯ ಹೀಗಿದೆ. ಎಚ್‌ಎಂಪಿವಿ, ಆರ್‌ಎಸ್‌ವಿಯ ಹತ್ತಿರದ ಬಂಧು. ಅದನ್ನು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. ಅವರು ಪರೀಕ್ಷಿಸಿದ್ದು ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಮಕ್ಕಳಿಂದ ಸಂಗ್ರಹಿಸಿಟ್ಟಿದ್ದ ಮಾದರಿಗಳನ್ನು. ಅಂದರೆ ಹೆಸರು ಹೊಸದಾದರೂ ವೈರಾಣು ಹಳೆಯದು. ಪ್ಯಾರಾಇನ್‌ಫ್ಲುಯೆಂಜಾ ವೈರಾಣುಗಳು ನಾಯಿ ಬೊಗಳಿದಂತಹ ಕೆಮ್ಮಿನ ‘ಕ್ರೂಪ್’ ರೋಗವನ್ನೂ ತರುತ್ತವೆ. ಇನ್‌ಫ್ಲುಯೆಂಜಾ ಅಥವಾ ಫ್ಲೂ, ಅಡಿನೋವೈರಸ್ ಮತ್ತು ನೆಗಡಿಯ ಮುಖ್ಯ ಕಾರಣವಾದ ರೈನೋವೈರಸ್ ಸಹ ಈ ಪಟ್ಟಿಯಲ್ಲಿವೆ. ಕೋವಿಡ್ ವೈರಾಣು ಮಕ್ಕಳಲ್ಲಿ ಹೆಚ್ಚಾಗಿ ಸೌಮ್ಯ ಸ್ವರೂಪದ್ದಾಗಿದ್ದರೂ ಕೆಲವರಲ್ಲಿ ನ್ಯುಮೋನಿಯಾ ಉಂಟುಮಾಡಿದೆ.

ದಡಾರವನ್ನು ನಾವು ಚರ್ಮದ ಮೇಲಿನ ಗುಳ್ಳೆಗಳ ಕಾಯಿಲೆ ಎಂದು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಉಸಿರಿನ ಮೂಲಕ ಹರಡುವ ವೈರಾಣು ರೋಗ. ದಡಾರದಿಂದ ಸಾಯುವ ಮಕ್ಕಳಲ್ಲಿ ಹೆಚ್ಚಿನವರು ಸಾಯುವುದು ನ್ಯುಮೋನಿಯಾದಿಂದಲೇ.

ಬದಲಾದ ತಿಳಿವಳಿಕೆ

ಬಡ ದೇಶಗಳ ಮಕ್ಕಳ ನ್ಯುಮೋನಿಯಾಕ್ಕೆ ಬ್ಯಾಕ್ಟೀರಿಯಾಗಳೇ ಮುಖ್ಯ ಕಾರಣ ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಅದಕ್ಕೆ ಆಧಾರವೂ ಇತ್ತು. ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತು ಸಹೋದ್ಯೋಗಿಗಳು ತೀವ್ರ ನ್ಯುಮೋನಿಯಾ ಇದ್ದ ಮಕ್ಕಳ ಶ್ವಾಸಕೋಶದಿಂದಲೇ ಸೂಜಿಯ ಮೂಲಕ ದ್ರವ ತೆಗೆದು ಪರೀಕ್ಷಿಸಿದರು. 1984ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ಪ್ರಯೋಗಾಲಯದ ಸೌಲಭ್ಯವಿಲ್ಲದ ಕಡೆಯೂ ಉಸಿರಿನ ವೇಗ ನೋಡಿ ಆಂಟಿಬಯಾಟಿಕ್ ಕೊಡಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ನೀತಿ ರೂಪುಗೊಂಡದ್ದು ಇಂತಹ ಅಧ್ಯಯನಗಳ ಬೆನ್ನಲ್ಲಿ.

ಆ ನೀತಿ ಸಾವಿರಾರು ಮಕ್ಕಳ ಜೀವ ಉಳಿಸಿತು. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ, ಸೂಲಗಿತ್ತಿಯರಿಗೆ ಉಸಿರು ಎಣಿಸುವುದನ್ನೂ ಔಷಧ ಕೊಡುವುದನ್ನೂ ಕಲಿಸಿದರು. ಆ ಹಳ್ಳಿಗಳಲ್ಲಿ ನ್ಯುಮೋನಿಯಾ ಸಾವಿನ ಪ್ರಮಾಣ ಶೇಕಡ 54ರಷ್ಟು ಕಡಿಮೆಯಾಯಿತು ಎಂಬುದನ್ನು 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ವರದಿ ಮಾಡಿತು.

ಬಳಿಕ ಎರಡು ಬದಲಾವಣೆಗಳಾದವು. ಹಿಬ್ ಮತ್ತು ನ್ಯುಮೋಕಾಕಸ್ ವಿರುದ್ಧದ ಲಸಿಕೆಗಳು ದೇಶದಿಂದ ದೇಶಕ್ಕೆ ಹರಡಿದವು. ಬ್ಯಾಕ್ಟೀರಿಯಾ ನ್ಯುಮೋನಿಯಾದ ಪಾಲು ಕುಗ್ಗಿತು. ಜೊತೆಗೆ, ವೈರಾಣುವಿನ ತಳಿದ್ರವ್ಯದ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆ ಬಳಕೆಗೆ ಬಂದು, ಹಿಂದೆ ಕಾಣದೇ ಇದ್ದ ವೈರಾಣುಗಳು ಕಾಣತೊಡಗಿದವು.

ಅಮೆರಿಕದ ಮೂರು ನಗರಗಳ ಮಕ್ಕಳ ಆಸ್ಪತ್ರೆಗಳಲ್ಲಿ 2010ರಿಂದ 2012ರವರೆಗೆ ನಡೆದ ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಂತು. ನ್ಯುಮೋನಿಯಾದಿಂದ ದಾಖಲಾದ ಮಕ್ಕಳಲ್ಲಿ ಶೇಕಡ 66ರಷ್ಟು ಮಂದಿಯಲ್ಲಿ ಕೇವಲ ವೈರಾಣು ಪತ್ತೆಯಾಗಿತ್ತು. ಕೇವಲ ಬ್ಯಾಕ್ಟೀರಿಯಾ ಇದ್ದವರು ಶೇಕಡ 8, ಎರಡೂ ಇದ್ದವರು ಶೇಕಡ 7.

ಇದಕ್ಕಿಂತಲೂ ಮಹತ್ವದ್ದು ‘ಪರ್ಚ್’ ಎಂದು ಕರೆಯಲಾಗುವ ಅಧ್ಯಯನ. ಬಾಂಗ್ಲಾದೇಶ, ಥಾಯ್ಲೆಂಡ್, ಕೀನ್ಯಾ, ಗ್ಯಾಂಬಿಯಾ, ಮಾಲಿ, ಜಾಂಬಿಯಾ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳಲ್ಲಿ 2011ರಿಂದ 2014ರವರೆಗೆ ಇದು ನಡೆಯಿತು. ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 4,232 ಮಕ್ಕಳನ್ನೂ ಅದೇ ಊರುಗಳ 5,119 ಇತರ ಮಕ್ಕಳನ್ನೂ ಹೋಲಿಸಿ ನೋಡಲಾಯಿತು. ಎಚ್‌ಐವಿ ಇಲ್ಲದ, ಕ್ಷ-ಕಿರಣ ಚಿತ್ರದಲ್ಲಿ ನ್ಯುಮೋನಿಯಾ ಖಚಿತವಾದ ಮಕ್ಕಳಲ್ಲಿ ಶೇಕಡ 61.4 ಪ್ರಕರಣಗಳಿಗೆ ವೈರಾಣು ಕಾರಣ, ಶೇಕಡ 27.3 ಪ್ರಕರಣಗಳಿಗೆ ಕ್ಷಯ ಹೊರತುಪಡಿಸಿದ ಬ್ಯಾಕ್ಟೀರಿಯಾ ಕಾರಣ, ಶೇಕಡ 5.9ಕ್ಕೆ ಕ್ಷಯರೋಗಾಣು ಕಾರಣ ಎಂದು 2019ರಲ್ಲಿ ವರದಿಯಾಯಿತು. ಆರ್‌ಎಸ್‌ವಿ ಒಂದರ ಪಾಲೇ ಶೇಕಡ 31.1. ಬೇರಾವ ರೋಗಾಣುವೂ ಇದರ ಸಮೀಪಕ್ಕೆ ಬರಲಿಲ್ಲ.

ಕಂಡವರೆಲ್ಲ ಕಳ್ಳರಲ್ಲ

ಇಂತಹ ಅಂಕಿಅಂಶಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಶ್ವಾಸಕೋಶದ ಆಳದಿಂದ ಮಾದರಿ ತೆಗೆಯುವುದು ಅಪಾಯಕಾರಿಯಾದ್ದರಿಂದ ಸಾಮಾನ್ಯವಾಗಿ ಮೂಗು, ಗಂಟಲಿನ ಸ್ರಾವವನ್ನು ಪರೀಕ್ಷಿಸುತ್ತಾರೆ. ಮೂಗಿನಲ್ಲಿ ವೈರಾಣು ಸಿಕ್ಕಿತೆಂದ ಮಾತ್ರಕ್ಕೆ ಶ್ವಾಸಕೋಶದ ಕಾಯಿಲೆಗೆ ಅದೇ ಕಾರಣವೆಂದು ಹೇಳಲಾಗದು. ಕಳವಾದ ಮನೆಯ ಮುಂದೆ ಹಾದುಹೋದವರೆಲ್ಲ ಕಳ್ಳರಾಗುವುದಿಲ್ಲ.

ಆರೋಗ್ಯವಂತ ಮಕ್ಕಳನ್ನೂ ಪರೀಕ್ಷೆಗೆ ಒಳಪಡಿಸಿದ್ದು ಈ ಕಾರಣಕ್ಕಾಗಿಯೇ. ರೈನೋವೈರಸ್ ಕಾಯಿಲೆಯಿದ್ದ ಮಕ್ಕಳಲ್ಲಿಯೂ ಇಲ್ಲದ ಮಕ್ಕಳಲ್ಲಿಯೂ ಧಾರಾಳವಾಗಿ ಕಂಡಿತು. ಆದ್ದರಿಂದ ಅದನ್ನು ದೋಷಿ ಎನ್ನುವುದು ಕಷ್ಟ. ಆರ್‌ಎಸ್‌ವಿ ಮಾತ್ರ ಆರೋಗ್ಯವಂತ ಮಕ್ಕಳಲ್ಲಿ ತೀರ ವಿರಳವಾಗಿದ್ದು, ಕಾಯಿಲೆಯ ಮಕ್ಕಳಲ್ಲಿ ಹೇರಳವಾಗಿತ್ತು. ಎಚ್‌ಎಂಪಿವಿ ಮತ್ತು ಫ್ಲೂ ವೈರಾಣುಗಳ ವಿಷಯವೂ ಹೆಚ್ಚುಕಡಿಮೆ ಇದೇ. ಮಗುವಿನ ವರದಿಯಲ್ಲಿ ಮೂರು ನಾಲ್ಕು ವೈರಾಣುಗಳ ಹೆಸರು ಕಂಡು ಗಾಬರಿಯಾಗುವ ಪೋಷಕರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ವೈರಾಣು ತೆರೆದ ಬಾಗಿಲು, ಬ್ಯಾಕ್ಟೀರಿಯಾ ಪ್ರವೇಶ

ವೈರಾಣು ಮತ್ತು ಬ್ಯಾಕ್ಟೀರಿಯಾಗಳನ್ನು ಎರಡು ಪ್ರತ್ಯೇಕ ಬಣಗಳೆಂದು ನೋಡುವುದು ಸಹ ಸರಿಯಲ್ಲ. ನ್ಯುಮೋಕಾಕಸ್ ಅನೇಕ ಆರೋಗ್ಯವಂತ ಮಕ್ಕಳ ಮೂಗಿನ ಹಿಂಭಾಗದಲ್ಲಿ ಯಾವ ಉಪದ್ರವವನ್ನೂ ಕೊಡದೆ ನೆಲೆಸಿರುತ್ತದೆ. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಕಸವನ್ನು ಗುಡಿಸಿದಂತೆ ಸತತವಾಗಿ ರೋಗಾಣುಗಳನ್ನು ಮೇಲಕ್ಕೆ ತಳ್ಳುತ್ತವೆ. ವೈರಾಣು ದಾಳಿಯಿಟ್ಟಾಗ ಈ ರೋಮಗಳುಳ್ಳ ಕೋಶಗಳೇ ಸತ್ತು ಉದುರುತ್ತವೆ. ಫ್ಲೂ ವೈರಾಣುವಿನ ಒಂದು ಕಿಣ್ವವು ಕೋಶಗಳ ಮೇಲ್ಮೈಯ ಸಕ್ಕರೆಯ ಪದರವನ್ನು ಕತ್ತರಿಸಿ, ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಜಾಗ ತೆರವು ಮಾಡಿಕೊಡುತ್ತದೆ. ವೈರಾಣುವಿನೊಡನೆ ಸೆಣಸುವ ಭರದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಬ್ಯಾಕ್ಟೀರಿಯಾ ಕಡೆಗೆ ದುರ್ಬಲವಾಗುತ್ತದೆ. ನೆಗಡಿ ಕಡಿಮೆಯಾಗಿ ಮಗು ಚೇತರಿಸಿಕೊಂಡಿತು ಎನ್ನುವಷ್ಟರಲ್ಲಿ ಮತ್ತೆ ಜ್ವರ ಏರುವುದು ಇಂತಹ ಎರಡನೆಯ ದಾಳಿಯ ಲಕ್ಷಣವಿರಬಹುದು. 1918ರ ಮಹಾ ಇನ್‌ಫ್ಲುಯೆಂಜಾದಲ್ಲಿ ಮಡಿದವರಲ್ಲಿ ಬಹುಪಾಲು ಜನರ ಸಾವಿಗೆ ಫ್ಲೂ ನಂತರದ ಬ್ಯಾಕ್ಟೀರಿಯಾ ನ್ಯುಮೋನಿಯಾ ಕಾರಣವಾಗಿತ್ತು ಎಂಬುದನ್ನು ಅಂದಿನ ಅಂಗಾಂಶ ಮಾದರಿಗಳ ಮರುಪರೀಕ್ಷೆ ತೋರಿಸಿದೆ.

ಈ ಕೂಟಕ್ಕೆ ಎರಡು ಬಲವಾದ ಸಾಕ್ಷ್ಯಗಳಿವೆ. ಮೊದಲನೆಯದು ದಕ್ಷಿಣ ಆಫ್ರಿಕಾದ ಸೊವೆಟೊದ್ದು. ಅಲ್ಲಿ ಮಕ್ಕಳಿಗೆ ನ್ಯುಮೋಕಾಕಸ್ ಲಸಿಕೆ ನೀಡಿ ನಡೆಸಿದ ಪ್ರಯೋಗದಲ್ಲಿ, ಆಸ್ಪತ್ರೆ ಸೇರಿದವರ ಪೈಕಿ ವೈರಾಣು ಪತ್ತೆಯಾದ ನ್ಯುಮೋನಿಯಾ ಪ್ರಕರಣಗಳೇ ಶೇಕಡ 31ರಷ್ಟು ಇಳಿದವು ಎಂದು ಶಬೀರ್ ಮಾಧಿ ಮತ್ತು ಕೀತ್ ಕ್ಲುಗ್ಮನ್ 2004ರಲ್ಲಿ ವರದಿ ಮಾಡಿದರು. ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ವೈರಾಣು ರೋಗವನ್ನು ತಗ್ಗಿಸಬೇಕಾದರೆ ಎರಡೂ ಸೇರಿಯೇ ಮಗುವನ್ನು ಮಲಗಿಸುತ್ತಿದ್ದಿರಬೇಕು.

ಎರಡನೆಯದು ಕೋವಿಡ್ ಕಾಲದ ಇಸ್ರೇಲ್‌ನದು. ಲಾಕ್‌ಡೌನ್‌ನಿಂದಾಗಿ ಆರ್‌ಎಸ್‌ವಿ, ಎಚ್‌ಎಂಪಿವಿ, ಫ್ಲೂ ವೈರಾಣುಗಳು ಅಲ್ಲಿ ಬಹುತೇಕ ಕಣ್ಮರೆಯಾದವು. ಮಕ್ಕಳ ಮೂಗಿನಲ್ಲಿ ನ್ಯುಮೋಕಾಕಸ್ ಇರುವಿಕೆಯ ಪ್ರಮಾಣ ಹೆಚ್ಚುಕಡಿಮೆ ಹಿಂದಿನಷ್ಟೇ ಇತ್ತು. ಆದರೂ ನ್ಯುಮೋಕಾಕಸ್‌ನಿಂದಾಗುವ ಕಾಯಿಲೆಗಳು ತೀವ್ರವಾಗಿ ಕುಸಿದವು. ಬ್ಯಾಕ್ಟೀರಿಯಾ ಇದ್ದಲ್ಲಿಯೇ ಇತ್ತು. ಬಾಗಿಲು ತೆರೆಯುವವರು ಇರಲಿಲ್ಲ.

ಆಂಟಿಬಯಾಟಿಕ್: ಬೇಕೆ, ಬೇಡವೆ?

ಅಮಾಕ್ಸಿಸಿಲಿನ್‌ನಂತಹ ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕೆಡಿಸಿ ಅದನ್ನು ಕೊಲ್ಲುತ್ತವೆ. ವೈರಾಣುವಿಗೆ ಕೋಶಭಿತ್ತಿಯೇ ಇಲ್ಲ. ಹೀಗಾಗಿ ಸಾಮಾನ್ಯ ನೆಗಡಿ, ಕೆಮ್ಮಿಗೆ ಆಂಟಿಬಯಾಟಿಕ್ ಕೊಡುವುದರಿಂದ ಪ್ರಯೋಜನವಿಲ್ಲ. ಬದಲಿಗೆ ಭೇದಿ, ಅಲರ್ಜಿಗಳ ಜೊತೆಗೆ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ಅವಕಾಶವಾಗುತ್ತದೆ. ಔಷಧ ಅಂಗಡಿಯಿಂದ ತಾವಾಗಿಯೇ ಸಿರಪ್ ತಂದು ಕುಡಿಸುವ, ಕಳೆದ ಬಾರಿ ಉಳಿದದ್ದನ್ನು ಈ ಬಾರಿ ಕೊಡುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಇದು ನಿಲ್ಲಬೇಕು.

ಆದರೆ ನ್ಯುಮೋನಿಯಾ ಎಂದು ಗುರುತಿಸಿದ ಮೇಲೆ ಲೆಕ್ಕಾಚಾರ ಬೇರೆ. ಕಾರಣ ವೈರಾಣುವೋ ಬ್ಯಾಕ್ಟೀರಿಯಾವೋ ಎಂಬುದನ್ನು ಜ್ವರದ ತೀವ್ರತೆಯಿಂದಾಗಲಿ, ಕ್ಷ-ಕಿರಣ ಚಿತ್ರದಿಂದಾಗಲಿ, ರಕ್ತ ಪರೀಕ್ಷೆಯಿಂದಾಗಲಿ ನಿಖರವಾಗಿ ಬೇರ್ಪಡಿಸಲು ಇಂದಿಗೂ ಸಾಧ್ಯವಾಗಿಲ್ಲ. ಪಿಸಿಆರ್‌ನಲ್ಲಿ ವೈರಾಣು ಸಿಕ್ಕರೂ ಅದರ ಹಿಂದೆ ಬ್ಯಾಕ್ಟೀರಿಯಾ ಇಲ್ಲವೆಂದು ಅದು ಹೇಳುವುದಿಲ್ಲ.

ವೇಗದ ಉಸಿರಾಟ ಮಾತ್ರ ಇರುವ, ಅಪಾಯದ ಚಿಹ್ನೆಗಳಿಲ್ಲದ ಮಕ್ಕಳಿಗೆ ಆಂಟಿಬಯಾಟಿಕ್ ಕೊಡದಿದ್ದರೆ ಏನಾದೀತು ಎಂಬುದನ್ನು ಸಂಶೋಧಕರು ನೇರವಾಗಿಯೇ ಪರೀಕ್ಷಿಸಿದ್ದಾರೆ. ಪಾಕಿಸ್ತಾನದ ಕರಾಚಿಯ ಬಡಾವಣೆಗಳಲ್ಲಿ ಸುಮಾರು ನಾಲ್ಕು ಸಾವಿರ ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಔಷಧವಿಲ್ಲದ ಹುಸಿ ಸಿರಪ್ ಪಡೆದವರಲ್ಲಿ ಶೇಕಡ 4.9 ಮಂದಿಗೆ ಚಿಕಿತ್ಸೆ ಫಲಿಸಲಿಲ್ಲ. ಅಮಾಕ್ಸಿಸಿಲಿನ್ ಪಡೆದವರಲ್ಲಿ ಈ ಪ್ರಮಾಣ ಶೇಕಡ 2.6. ಆಫ್ರಿಕಾದ ಮಲಾವಿಯಲ್ಲಿ ನಡೆದ ಇಂತಹುದೇ ಪ್ರಯೋಗದಲ್ಲಿ ಈ ಅಂಕಿಗಳು ಕ್ರಮವಾಗಿ ಶೇಕಡ 7 ಮತ್ತು ಶೇಕಡ 4.

ಈ ಫಲಿತಾಂಶವನ್ನು ಎರಡು ಬಗೆಯಲ್ಲಿ ಓದಬಹುದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಆಂಟಿಬಯಾಟಿಕ್ ಇಲ್ಲದೆಯೇ ಗುಣಮುಖರಾದರು. ವೈರಾಣುಗಳ ಪಾಲು ಹೆಚ್ಚೆಂಬುದಕ್ಕೆ ಇದು ಹೊಂದುತ್ತದೆ. ಆದರೂ ಔಷಧ ಪಡೆದವರಲ್ಲಿ ವೈಫಲ್ಯ ಸ್ಪಷ್ಟವಾಗಿ ಕಡಿಮೆಯಿತ್ತು. ಕರಾಚಿಯ ಲೆಕ್ಕದಲ್ಲಿ ಒಂದು ಮಗುವಿನ ವೈಫಲ್ಯ ತಪ್ಪಿಸಲು 44 ಮಕ್ಕಳಿಗೆ ಔಷಧ ಕೊಡಬೇಕಾಗುತ್ತದೆ. ಆ ಒಂದು ಮಗು ಯಾವುದೆಂದು ಮುಂಚಿತವಾಗಿ ತಿಳಿಯುವ ದಾರಿ ಇಲ್ಲದಿರುವುದರಿಂದ, ಹಿಂದುಳಿದ ಪ್ರದೇಶಗಳಲ್ಲಿ ನ್ಯುಮೋನಿಯಾ ಎಂದು ವರ್ಗೀಕರಿಸಿದ ಮಕ್ಕಳಿಗೆಲ್ಲ ಆಂಟಿಬಯಾಟಿಕ್ ನೀಡುವ ಕ್ರಮ ಮುಂದುವರಿದಿದೆ. ಹೀಗಾಗಿ ‘ಇದು ವೈರಲ್, ಔಷಧ ಬೇಡ’ ಎಂದು ಪೋಷಕರು ತಾವೇ ತೀರ್ಮಾನಿಸಿ, ವೈದ್ಯರು ಬರೆದ ಔಷಧವನ್ನು ನಡುವೆ ನಿಲ್ಲಿಸುವುದು ಅಪಾಯಕಾರಿ.

ಒಂದು ನಿಮಿಷ ಉಸಿರು ಎಣಿಸಿ

ರೋಗಾಣುವಿನ ಹೆಸರು ತಿಳಿಯದಿದ್ದರೂ ಕಾಯಿಲೆಯ ತೀವ್ರತೆಯನ್ನು ಮನೆಯಲ್ಲಿಯೇ ಗುರುತಿಸಬಹುದು. ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಮತ್ತು ಎದೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಮ್ಮೆ ಏರಿ ಇಳಿದರೆ ಒಂದು ಉಸಿರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವೇಗದ ಉಸಿರಾಟದ ಮಿತಿಗಳು ಹೀಗಿವೆ:

* 2 ತಿಂಗಳೊಳಗಿನ ಶಿಶು: ನಿಮಿಷಕ್ಕೆ 60 ಅಥವಾ ಹೆಚ್ಚು
* 2 ತಿಂಗಳಿಂದ 1 ವರ್ಷದೊಳಗೆ: ನಿಮಿಷಕ್ಕೆ 50 ಅಥವಾ ಹೆಚ್ಚು
* 1 ವರ್ಷದಿಂದ 5 ವರ್ಷದೊಳಗೆ: ನಿಮಿಷಕ್ಕೆ 40 ಅಥವಾ ಹೆಚ್ಚು

ಕೆಮ್ಮಿನ ಜೊತೆಗೆ ಉಸಿರು ಈ ಮಿತಿ ಮೀರಿದರೆ ಅಥವಾ ಪಕ್ಕೆ ಸೆಳೆಯುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಮಗು ಹಾಲು, ನೀರು ಕುಡಿಯಲಾರದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡುತ್ತಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಫಿಟ್ಸ್ ಬಂದರೆ, ತುಟಿ ಅಥವಾ ನಾಲಿಗೆ ನೀಲಿಗಟ್ಟಿದರೆ ಒಂದು ಕ್ಷಣವೂ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ ಜ್ವರವೇ ಇಲ್ಲದಿರಬಹುದು, ಮೈ ತಣ್ಣಗಾಗಿರಲೂಬಹುದು. ಹಾಲು ಬಿಡುವುದೇ ಅಲ್ಲಿ ಮೊದಲ ಎಚ್ಚರಿಕೆ. ಪಕ್ಕೆ ಹಾರುವುದಕ್ಕೆ ಹೊಟ್ಟೆ ಅಥವಾ ಎದೆಯ ಮೇಲೆ ಬರೆ ಹಾಕಿಸುವ ಮೂಢ ಪದ್ಧತಿಯಿಂದ ಮಗುವಿಗೆ ಸುಟ್ಟ ಗಾಯವಾಗುವುದಲ್ಲದೆ ಚಿಕಿತ್ಸೆಯ ಅಮೂಲ್ಯ ಸಮಯವೂ ಕಳೆದುಹೋಗುತ್ತದೆ.

ಮಕ್ಕಳ ನ್ಯುಮೋನಿಯಾ ಸಾವುಗಳನ್ನು ತಗ್ಗಿಸಲು ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ ‘ಸಾನ್ಸ್’ ಅಭಿಯಾನವನ್ನು ಆರಂಭಿಸಿತು. ಇದರಡಿ ಆಶಾ ಕಾರ್ಯಕರ್ತೆಯರು ಮೊದಲ ಡೋಸ್ ಅಮಾಕ್ಸಿಸಿಲಿನ್ ಕೊಟ್ಟು ಮಗುವನ್ನು ಆಸ್ಪತ್ರೆಗೆ ಕಳುಹಿಸಲು ಅವಕಾಶವಿದೆ.

ಆಸ್ಪತ್ರೆಯಲ್ಲಿ ನೀಡುವ ಚಿಕಿತ್ಸೆ

ಆರ್‌ಎಸ್‌ವಿ ಅಥವಾ ಎಚ್‌ಎಂಪಿವಿಯನ್ನು ನೇರವಾಗಿ ಕೊಲ್ಲುವ, ಎಲ್ಲ ಮಕ್ಕಳಿಗೂ ಬಳಸಬಹುದಾದ ಔಷಧ ಸದ್ಯಕ್ಕೆ ಇಲ್ಲ. ಫ್ಲೂ ವಿರುದ್ಧ ಓಸೆಲ್ಟಾಮಿವಿರ್ ಇದ್ದು, ಕಾಯಿಲೆಯ ಆರಂಭದಲ್ಲಿ ಕೊಟ್ಟಾಗ ಹೆಚ್ಚು ಉಪಯುಕ್ತ. ಉಳಿದಂತೆ ಮಗುವಿನ ದೇಹ ವೈರಾಣುವನ್ನು ಗೆಲ್ಲುವವರೆಗೆ ಅದನ್ನು ಕಾಪಾಡುವುದೇ ಚಿಕಿತ್ಸೆ. ಅದರಲ್ಲಿ ಪ್ರಧಾನವಾದದ್ದು ಆಮ್ಲಜನಕ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್‌ನಲ್ಲಿ ರಕ್ತದ ಆಮ್ಲಜನಕ ಮಟ್ಟ ಶೇಕಡ 90ಕ್ಕಿಂತ ಕೆಳಗಿಳಿದರೆ ಆಮ್ಲಜನಕ ಕೊಡಲೇಬೇಕು. ಮೂಗು ಶುಚಿಗೊಳಿಸುವುದು, ಸ್ವಲ್ಪ ಸ್ವಲ್ಪವಾಗಿ ಹಾಲು ಅಥವಾ ದ್ರವಾಹಾರ ನೀಡುವುದು, ಜ್ವರ ಇಳಿಸುವುದು ಉಳಿದ ಕ್ರಮಗಳು.

ದುಬಾರಿ ವೆಂಟಿಲೇಟರ್ ಇಲ್ಲದ ಕಡೆಯೂ ದಾರಿಗಳಿವೆ. ಬಾಂಗ್ಲಾದೇಶದ ಢಾಕಾದಲ್ಲಿ ಡಾ. ಮೊಹಮ್ಮದ್ ಜೊಬಾಯರ್ ಚಿಸ್ತಿ ಅವರು ಬಳಸಿ ಬಿಸಾಡುವ ಶಾಂಪೂ ಬಾಟಲಿಗೆ ನೀರು ತುಂಬಿ, ಮಗು ಬಿಡುವ ಉಸಿರು ಅದರೊಳಗೆ ಗುಳ್ಳೆಯಾಗಿ ಹೊರಬರುವಂತೆ ಮಾಡಿದರು. ನೀರಿನ ಒತ್ತಡದಿಂದ ಶ್ವಾಸಕೋಶ ಕುಸಿಯದೆ ತೆರೆದೇ ಇರುತ್ತದೆ. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಸಾಮಾನ್ಯ ಆಮ್ಲಜನಕ ಪಡೆದ ಮಕ್ಕಳಲ್ಲಿ ಶೇಕಡ 15 ಮಂದಿ ಮೃತಪಟ್ಟರೆ, ಈ ವಿಧಾನದಲ್ಲಿ ಶೇಕಡ 4 ಮಂದಿ ಮೃತಪಟ್ಟರು. ಮಲಾವಿಯಲ್ಲಿ ವೈದ್ಯರ ನಿರಂತರ ನಿಗಾ ಇಲ್ಲದ ಆಸ್ಪತ್ರೆಯಲ್ಲಿ ಇಂತಹ ಉಸಿರಾಟದ ನೆರವು ನೀಡಿದಾಗ ಲಾಭ ಕಾಣಲಿಲ್ಲ. ಉಪಕರಣದಷ್ಟೇ ಅದನ್ನು ನೋಡಿಕೊಳ್ಳುವ ಸಿಬ್ಬಂದಿಯೂ ಮುಖ್ಯ ಎಂಬುದು ಇದರಿಂದ ವೇದ್ಯವಾಗುತ್ತದೆ.

ತಡೆಗಟ್ಟುವ ಮಾರ್ಗಗಳು

ಆರ್‌ಎಸ್‌ವಿ ಲಸಿಕೆಯ ಕಥೆ ನೋವಿನಿಂದ ಆರಂಭವಾಯಿತು. 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ರಯೋಗಿಸಿದ ಲಸಿಕೆ ಮಕ್ಕಳನ್ನು ರಕ್ಷಿಸುವ ಬದಲು, ನಂತರ ಸೋಂಕು ತಗುಲಿದಾಗ ಕಾಯಿಲೆಯನ್ನು ಉಲ್ಬಣಗೊಳಿಸಿತು. ಇಬ್ಬರು ಶಿಶುಗಳು ಮೃತಪಟ್ಟರು. ದಶಕಗಳ ಕಾಲ ಈ ಕ್ಷೇತ್ರ ಸ್ತಬ್ಧವಾಯಿತು. ಜೀವಕೋಶಕ್ಕೆ ಬೆಸೆದುಕೊಳ್ಳುವ ಮುನ್ನ ವೈರಾಣುವಿನ ‘ಎಫ್’ ಪ್ರೋಟೀನ್ ಯಾವ ಆಕಾರದಲ್ಲಿರುತ್ತದೆ ಎಂಬುದನ್ನು ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಮತ್ತಿತರರು 2013ರಲ್ಲಿ ಬಿಡಿಸಿ ತೋರಿಸಿದ ಮೇಲೆ ಹೊಸ ದಾರಿ ತೆರೆಯಿತು.

ಇಂದು ಎರಡು ಅಸ್ತ್ರಗಳಿವೆ. ಒಂದು, ಗರ್ಭಿಣಿಗೆ ನೀಡುವ ಲಸಿಕೆ. ತಾಯಿಯಲ್ಲಿ ಹುಟ್ಟಿದ ಪ್ರತಿಕಾಯಗಳು ಗರ್ಭಸ್ಥ ಶಿಶುವಿಗೆ ದಾಟಿ, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತವೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೊದಲ 90 ದಿನಗಳ ತೀವ್ರ ಕಾಯಿಲೆಯನ್ನು ಇದು ಶೇಕಡ 81.8ರಷ್ಟು ತಡೆಯಿತು. ಮತ್ತೊಂದು, ಶಿಶುವಿಗೇ ಒಮ್ಮೆ ಚುಚ್ಚುವ ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯ. ಸ್ಪೇನ್‌ನ ಗಲೀಸಿಯಾ ಪ್ರಾಂತ್ಯದಲ್ಲಿ 2023–24ರ ಋತುವಿನಲ್ಲಿ ಎಲ್ಲ ಶಿಶುಗಳಿಗೂ ಇದನ್ನು ನೀಡಿದಾಗ ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವ ಪ್ರಮಾಣ ಶೇಕಡ 82ರಷ್ಟು ತಗ್ಗಿತು. ಎರಡರಲ್ಲಿ ಒಂದನ್ನು ಎಲ್ಲ ದೇಶಗಳೂ ಅಳವಡಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇವು ಸೇರಿಲ್ಲ. ಸಾವುಗಳ ಬಹುಪಾಲು ಬಡ ದೇಶಗಳಲ್ಲಿದ್ದು, ರಕ್ಷಣೆ ಮೊದಲು ಶ್ರೀಮಂತ ದೇಶಗಳನ್ನು ತಲುಪಿರುವುದು ಗಮನಿಸಬೇಕಾದ ವಿಪರ್ಯಾಸ.

ಆದರೆ ನಮ್ಮಲ್ಲಿ ಉಚಿತವಾಗಿ ಲಭ್ಯವಿರುವ ರಕ್ಷಣೆಯೂ ಕಡಿಮೆಯದಲ್ಲ. ಹಿಬ್ ವಿರುದ್ಧದ ಅಂಶ ಪೆಂಟಾವಲೆಂಟ್ ಲಸಿಕೆಯಲ್ಲಿದೆ. ನ್ಯುಮೋಕಾಕಸ್ ಲಸಿಕೆ 2017ರಲ್ಲಿ ಆಯ್ದ ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ದಡಾರ–ರುಬೆಲ್ಲಾ ಲಸಿಕಾ ಅಭಿಯಾನದ ಮೊದಲ ಹಂತದಲ್ಲಿ, 2017ರ ಫೆಬ್ರುವರಿಯಲ್ಲಿಯೇ ಕರ್ನಾಟಕ ಭಾಗವಹಿಸಿತ್ತು. ಸೊವೆಟೊದ ಪ್ರಯೋಗ ತೋರಿಸಿದಂತೆ, ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ವೈರಾಣುವಿನಿಂದಾಗುವ ಹಾನಿಯನ್ನೂ ತಗ್ಗಿಸುತ್ತದೆ.

ಅಡುಗೆಮನೆಯ ಹೊಗೆಯನ್ನೂ ಮರೆಯುವಂತಿಲ್ಲ. ಸೌದೆ, ಬೆರಣಿಯ ಹೊಗೆಯಲ್ಲಿ ಬೆಳೆಯುವ ಮಗುವಿಗೆ ನ್ಯುಮೋನಿಯಾ ತಗುಲುವ ಸಂಭವ ಹೆಚ್ಚುಕಡಿಮೆ ಇಮ್ಮಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೀಡಿ, ಸಿಗರೇಟಿನ ಹೊಗೆಯೂ ಅಷ್ಟೇ ಕೆಡುಕು.

ಪೋಷಕರ ಗಮನಕ್ಕೆ

* ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ಕಾಯಿಲೆಯಲ್ಲಿಯೂ ನಿಲ್ಲಿಸಬೇಡಿ.
* ಪೆಂಟಾವಲೆಂಟ್ ಲಸಿಕೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ. ನ್ಯುಮೋಕಾಕಸ್ ಲಸಿಕೆ ಒಂದೂವರೆ, ಮೂರೂವರೆ ಮತ್ತು 9 ತಿಂಗಳಿಗೆ. ದಡಾರ–ರುಬೆಲ್ಲಾ ಲಸಿಕೆ 9 ತಿಂಗಳು ತುಂಬಿದ ಮೇಲೆ ಹಾಗೂ 16ರಿಂದ 24 ತಿಂಗಳ ನಡುವೆ ತಪ್ಪದೆ ಹಾಕಿಸಿ.
* ನೆಗಡಿ, ಕೆಮ್ಮು ಇರುವವರು ಬಾಣಂತಿಯ ಕೋಣೆಗೆ ಹೋಗದಿರಿ. ಕೂಸನ್ನು ಮುಟ್ಟುವ ಮುನ್ನ ಸೋಪಿನಿಂದ ಕೈ ತೊಳೆಯಿರಿ, ಮುತ್ತಿಡಬೇಡಿ. ದೊಡ್ಡವರಿಗೆ ಬರಿಯ ನೆಗಡಿಯಾದದ್ದು ಹಸುಗೂಸಿಗೆ ನ್ಯುಮೋನಿಯಾ ಆಗಬಹುದು.
* ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಕೂಡದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅವು ಶಿಫಾರಸಿಗೆ ಅರ್ಹವಲ್ಲ.
* ವೈದ್ಯರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡಬೇಡಿ. ವೈದ್ಯರು ಬರೆದುಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿ.
* ಕೆಮ್ಮಿರುವ ಮಗುವಿನ ಉಸಿರನ್ನು ರಾತ್ರಿ ಮಲಗಿದಾಗ ಒಮ್ಮೆ ಎಣಿಸಿ. ಮಿತಿ ಮೀರಿದ್ದರೆ ಬೆಳಗಾಗಲೆಂದು ಕಾಯಬೇಡಿ.